ಅಂಗನವಾಡಿಯೋ, ಸರ್ಕಾರಿ ಶಾಲೆಯ ಎಲ್‌ಕೆಜಿಯೋ, ಬಾಲವಾಟಿಕೆಯೋ: ನಿಮ್ಮ ಮಗುವಿಗೆ ಯಾವುದು ಸರಿ?

ಕರ್ನಾಟಕದಲ್ಲಿ ಮೂರರಿಂದ ಆರು ವರ್ಷದ ಮಗುವನ್ನು ಸರ್ಕಾರವೇ ನಡೆಸುವ ಕಡೆ ಸೇರಿಸಬೇಕೆಂದರೆ ಮುಖ್ಯವಾಗಿ ಮೂರು ದಾರಿಗಳಿವೆ. ಊರೂರಿನಲ್ಲೂ ಇರುವ ಅಂಗನವಾಡಿ ಒಂದು. ಆಯ್ದ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಎಲ್‌ಕೆಜಿ, ಯುಕೆಜಿ ಇನ್ನೊಂದು. ಕೇಂದ್ರ ಸರ್ಕಾರದ ಕೆಲವು ಕೇಂದ್ರೀಯ ವಿದ್ಯಾಲಯಗಳಲ್ಲಿರುವ ಪೂರ್ವ ಪ್ರಾಥಮಿಕ ತರಗತಿ, ಅಂದರೆ ಬಾಲವಾಟಿಕೆ, ಮೂರನೆಯದು. ಬೆಂಗಳೂರಿನಲ್ಲಿ ಇವುಗಳ ಜೊತೆಗೆ ಪಾಲಿಕೆಯ ನರ್ಸರಿಗಳೂ ಇವೆ. ಖಾಸಗಿ ಪ್ಲೇಹೋಮ್, ನರ್ಸರಿಗಳಂತೂ ಎಲ್ಲರ ಕಣ್ಣ ಮುಂದಿವೆ.

ಬಹಳಷ್ಟು ಮನೆಗಳಲ್ಲಿ ತೀರ್ಮಾನವಾಗುವುದು ಹೆಸರಿನ ಮೇಲೆ. ಎಲ್‌ಕೆಜಿ ಅಂದರೆ ಓದು, ಅಂಗನವಾಡಿ ಅಂದರೆ ಉಪ್ಪಿಟ್ಟು ತಿಂದು ಬರುವ ಜಾಗ ಅನ್ನುವ ಮಾತು ಈಗಲೂ ಓಡಾಡುತ್ತಿದೆ. ಆ ಲೆಕ್ಕ ತಪ್ಪು. ಒಂದೇ ಹೋಬಳಿಯಲ್ಲಿ ಒಂದು ಅಂಗನವಾಡಿ ಪಕ್ಕದ ಶಾಲೆಯ ಎಲ್‌ಕೆಜಿಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತಿರಬಹುದು, ಮುಂದಿನ ಊರಿನಲ್ಲಿ ಅದು ಪೂರ್ತಿ ತಿರುಗಾಮುರುಗಾ ಆಗಿರಬಹುದು. ಹಾಗಾಗಿ ಬೋರ್ಡು ಓದುವ ಮೊದಲು ಅಳತೆ ಯಾವುದು ಅನ್ನುವುದು ಗೊತ್ತಿರಬೇಕು.

ಯಾವುದನ್ನು ಅಳೆಯಬೇಕು

ಎಲ್ಲಕ್ಕಿಂತ ಮುಂಚೆ ಹುಟ್ಟಿದ ದಿನಾಂಕ. ಇದರ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಅದಕ್ಕೇ ಅದನ್ನು ಮುಂದೆ ಬೇರೆಯಾಗಿ ಬಿಡಿಸಿ ಹೇಳಿದೆ.

ಎರಡನೆಯದು ದೂರ. ಮೂರು ವರ್ಷದ ಮಗು ನಡೆದೇ ಹೋಗುವಷ್ಟು ಹತ್ತಿರ ಇರಬೇಕು, ಹತ್ತು ನಿಮಿಷ ಮೀರಬಾರದು. ಮಳೆಗಾಲದಲ್ಲಿ, ಜ್ವರ ಬಂದು ಹೋದ ವಾರದಲ್ಲಿ, ಅಪ್ಪ ಊರಲ್ಲಿಲ್ಲದ ದಿನ ಮಗು ತಪ್ಪಿಸುವುದು ದೂರದ ಕಾರಣಕ್ಕೇ. ವಾರಕ್ಕೆ ಮೂರೇ ದಿನ ಹೋಗುವ ಒಳ್ಳೆಯ ಶಾಲೆಗಿಂತ ಆರೂ ದಿನ ಹೋಗುವ ಸಾಧಾರಣ ಕೇಂದ್ರ ಈ ವಯಸ್ಸಿನಲ್ಲಿ ಹೆಚ್ಚು ಕೊಡುತ್ತದೆ.

ಮೂರನೆಯದು ಎಷ್ಟು ಹೊತ್ತು ಅನ್ನುವುದು. ಬಾಗಿಲು ಎಷ್ಟಕ್ಕೆ ತೆಗೆಯುತ್ತಾರೆ, ಮಕ್ಕಳನ್ನು ನಿಜವಾಗಿ ಎಷ್ಟಕ್ಕೆ ಮನೆಗೆ ಕಳಿಸುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳಿ. ಕಾಗದದ ಮೇಲಿನ ಸಮಯಕ್ಕೂ ಇದಕ್ಕೂ ವ್ಯತ್ಯಾಸ ಇರಬಹುದು. ನಾಲ್ಕನೆಯದು ಊಟ ಮತ್ತು ಆರೋಗ್ಯ ತಪಾಸಣೆ. ಐದನೆಯದು ಯಾರು ಕಲಿಸುತ್ತಾರೆ, ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು, ಯಾವ ಯಾವ ವಯಸ್ಸಿನವರು ಅನ್ನುವುದು. ಕೊನೆಯದಾಗಿ, ಇಲ್ಲಿಂದ ಒಂದನೇ ಕ್ಲಾಸಿಗೆ ಎಲ್ಲಿಗೆ ಹೋಗುತ್ತದೆ ಮತ್ತು ಯಾವ ಮಾಧ್ಯಮದಲ್ಲಿ.

ಖರ್ಚನ್ನು ಬೇರೆ ಅಳತೆಯಾಗಿ ಹೇಳದಿರಲು ಕಾರಣವಿದೆ. ಸರ್ಕಾರಿ ಕಡೆ ಶುಲ್ಕ ಇಲ್ಲ ಅಥವಾ ತೀರಾ ಕಡಿಮೆ. ಆದರೆ ಮಧ್ಯಾಹ್ನ ಮಗುವನ್ನು ಕರೆತರಲು ಯಾರೋ ಕೆಲಸ ಬಿಡಬೇಕಾಗಿ ಬಂದರೆ ಅಲ್ಲಿ ಹೋಗುವ ಅರ್ಧ ದಿನದ ಕೂಲಿಯೇ ನಿಜವಾದ ಶುಲ್ಕ. ಅದು ದೂರ ಮತ್ತು ಸಮಯದ ಲೆಕ್ಕದಲ್ಲೇ ಸೇರಿಕೊಳ್ಳುತ್ತದೆ.

ಜೂನ್ 1 ಮತ್ತು ಮಾರ್ಚ್ 31

ರಾಜ್ಯದ ನಿಯಮದಂತೆ ಒಂದನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು. ಈ ಆದೇಶ ಬಂದದ್ದು 2022ರ ಜುಲೈಯಲ್ಲಿ, ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷವೂ ಪೋಷಕರ ಒತ್ತಾಯಕ್ಕೆ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಹೀಗೆ ಸಡಿಲಿಕೆ ಸಿಗುತ್ತದೆ ಎಂದು ನಂಬಿಕೊಂಡು ಮಗುವನ್ನು ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ದೂಡುವುದು ಬೇಡ. ಸಡಿಲಿಕೆ ಬರದಿದ್ದರೆ ಯುಕೆಜಿ ಮುಗಿಸಿದ ಮಗು ಅದೇ ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂರಬೇಕಾಗುತ್ತದೆ. ಜೊತೆಯವರೆಲ್ಲ ಮುಂದೆ ಹೋದಾಗ ಆ ಪುಟ್ಟ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದನೇ ಕ್ಲಾಸಿನಿಂದ ಹಿಂದಕ್ಕೆ ಎಣಿಸಿ. ಜೂನ್ 1ಕ್ಕೆ ನಾಲ್ಕು ತುಂಬಿದ್ದರೆ ಎಲ್‌ಕೆಜಿ, ಐದು ತುಂಬಿದ್ದರೆ ಯುಕೆಜಿ. 2022ರ ಆಗಸ್ಟ್ 15ರಂದು ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ ಮೂರು ವರ್ಷ ಒಂಬತ್ತೂವರೆ ತಿಂಗಳು. ಎಲ್‌ಕೆಜಿಗೆ ಇನ್ನೂ ಬೇಗ. 2026ರಲ್ಲಿ ಅಂಗನವಾಡಿ, 2027ರಲ್ಲಿ ಎಲ್‌ಕೆಜಿ, 2028ರಲ್ಲಿ ಯುಕೆಜಿ, 2029ರಲ್ಲಿ ಒಂದನೇ ತರಗತಿ.

ಕೇಂದ್ರೀಯ ವಿದ್ಯಾಲಯದ ಕಟ್ಟು ಬೇರೆ, ಅಲ್ಲಿ ನೋಡುವುದು ಮಾರ್ಚ್ 31. ಎಡವಟ್ಟಾಗುವುದು ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆ. 2022ರ ಏಪ್ರಿಲ್ 20ರಂದು ಹುಟ್ಟಿದ ಮಗುವಿಗೆ 2028ರ ಜೂನ್ 1ಕ್ಕೆ ಆರು ತುಂಬಿರುತ್ತದೆ, ರಾಜ್ಯದ ಶಾಲೆಯಲ್ಲಿ ಒಂದನೇ ಕ್ಲಾಸು ಸಿಗುತ್ತದೆ. ಆದರೆ ಆ ವರ್ಷದ ಮಾರ್ಚ್ 31ಕ್ಕೆ ಇನ್ನೂ ಆರು ಆಗಿರುವುದಿಲ್ಲ, ಕೇಂದ್ರೀಯ ವಿದ್ಯಾಲಯದಲ್ಲಿ ಯುಕೆಜಿಗೆ ಸಮನಾದ ಬಾಲವಾಟಿಕೆ-3 ಮಾತ್ರ ಸಾಧ್ಯ. ಇಲ್ಲಿ ಯುಕೆಜಿ ಓದಿಸಿ ಆಮೇಲೆ ಅಲ್ಲಿ ಒಂದನೇ ತರಗತಿಗೆ ಸೇರಿಸೋಣ ಅಂದುಕೊಂಡವರಿಗೆ ಒಂದು ವರ್ಷ ಹೆಚ್ಚಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಅಂಗನವಾಡಿಯಲ್ಲಿ ಇನ್ನೊಂದು ವರ್ಷ ಇರಿಸಿ ಸರಿದೂಗಿಸಬಹುದು.

ಅಂಗನವಾಡಿ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಅದರ ಮೊದಲ ತಾಲ್ಲೂಕು ಟಿ. ನರಸೀಪುರ. ಈಗ ರಾಜ್ಯದ ಎಲ್ಲ ಊರುಗಳಲ್ಲೂ ಹರಡಿರುವ ಈ ವ್ಯವಸ್ಥೆಯ ದೊಡ್ಡ ಬಲ ಹತ್ತಿರ ಇರುವುದು. ಇನ್ನೊಂದು ಬಲ, ವರ್ಷದ ಯಾವ ದಿನ ಬೇಕಾದರೂ ಸೇರಿಸಬಹುದು. ಅರ್ಜಿ, ಲಾಟರಿ, ಕೊನೆಯ ದಿನಾಂಕ ಏನೂ ಇಲ್ಲ.

ಅನ್ನದ ವಿಷಯದಲ್ಲಿ ಅಂಗನವಾಡಿಯನ್ನು ಬೇರೆ ಯಾವುದೂ ಹಿಂದಿಕ್ಕುವುದಿಲ್ಲ. ಅಲ್ಲೇ ಬೇಯಿಸಿದ ಬಿಸಿ ಊಟ, ಬೆಳಗಿನ ತಿಂಡಿ, ಕ್ಷೀರಭಾಗ್ಯದ ಹಾಲು, ಮೊಟ್ಟೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ಕಿವಿ ಸರಿಯಾಗಿ ಕೇಳದ, ಮಾತು ತಡವಾದ, ಹೃದಯದ ತೊಂದರೆ ಇರುವ ಮಗು ಗೊತ್ತಾಗುವುದು ಎಷ್ಟೋ ಸಲ ಇಲ್ಲೇ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಆರಂಭಿಕ ಹಸ್ತಕ್ಷೇಪ ಕೇಂದ್ರಕ್ಕೆ ಚೀಟಿ ಬರೆದು ಕಳಿಸುತ್ತಾರೆ. ಬೆಳವಣಿಗೆಯ ಬಗ್ಗೆ ಸಣ್ಣ ಅನುಮಾನ ಇದ್ದರೂ ಮಗುವಿನ ಹೆಸರು ಅಂಗನವಾಡಿಯಲ್ಲಿ ಇರಲೇಬೇಕು.

ಕಲಿಕೆಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯಕ್ರಮ ಇದೆ. ಹಾಡು, ಕಥೆ, ಗೊಂಬೆ, ಮಣಿ ಪೋಣಿಸುವುದು, ಬಣ್ಣ ಬೇರ್ಪಡಿಸುವುದು ಮೊದಲಾದವು ಅದರಲ್ಲಿವೆ. ಅಕ್ಷರ ಬರೆಸುವುದಿಲ್ಲ ಅಂತ ಪೋಷಕರು ಕೊರಗುತ್ತಾರೆ. ಆದರೆ ಮೂರು ವರ್ಷದ ಮಗು ಬಳಪ ಹಿಡಿಯುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಷ್ಟಿಯಲ್ಲಿ ಹಿಡಿದು ಭುಜದಿಂದ ಎಳೆಯುತ್ತದೆ, ಬೆರಳಿನ ತುದಿಗೆ ಇನ್ನೂ ಹಿಡಿತ ಬಂದಿರುವುದಿಲ್ಲ. ಮಣಿ ಪೋಣಿಸುವ, ಹಿಟ್ಟು ನಾದುವ ಕೆಲಸ ಅದೇ ಬೆರಳುಗಳನ್ನು ತಯಾರು ಮಾಡುತ್ತದೆ. ಆ ವಯಸ್ಸಿನಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ಸಾಲು ಸಾಲು ಬರೆಸುವುದು ಕೈಗೂ ನೋವು, ಓದಿನ ಮೇಲಿನ ಆಸೆಗೂ ಪೆಟ್ಟು.

ಕೊರತೆಗಳೂ ಗಟ್ಟಿಯಾಗೇ ಇವೆ. ಟೀಚರ್ ಒಬ್ಬರೇ, ಜೊತೆಗೆ ಒಬ್ಬ ಸಹಾಯಕಿ. ಮೂರು ವರ್ಷದವರಿಂದ ಆರರ ಹತ್ತಿರದವರ ತನಕ ಎಲ್ಲರೂ ಒಂದೇ ಕೋಣೆಯಲ್ಲಿ. ಅದೇ ಟೀಚರ್ ಮಕ್ಕಳ ವಿವರ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಬೇಕು, ಸಮೀಕ್ಷೆ ಮಾಡಬೇಕು, ಎಷ್ಟೋ ಕಡೆ ಮತಗಟ್ಟೆ ಅಧಿಕಾರಿಯ ಕೆಲಸವೂ ಅವರ ಮೇಲೇ. ಮತದಾರರ ಪಟ್ಟಿ ಪರಿಷ್ಕರಣೆಯ ವಾರಗಳಲ್ಲಿ ಮಕ್ಕಳ ಜೊತೆ ಉಳಿಯುವುದು ಸಹಾಯಕಿ ಮಾತ್ರ. ಅದೂ ಅಡುಗೆ ಮಾಡಿಕೊಂಡು. ಇದಕ್ಕೆ ಟೀಚರನ್ನು ದೂರುವುದು ಅನ್ಯಾಯ. ಆದರೆ ನಾಲ್ಕೂವರೆ, ಐದರ ಮಗುವಿಗೆ ಬೇಕಾದಷ್ಟು ಕಲಿಕೆಯ ಹೊತ್ತು ಅಲ್ಲಿ ಸಿಗದಿರಬಹುದು ಎಂಬುದು ನಿಜ. ಮೂರರ ಮಗುವಿಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ.

2024ರ ಜುಲೈಯಲ್ಲಿ ಬೆಂಗಳೂರಿನಿಂದ ಶುರುಮಾಡಿ ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಅಂತ ಮೇಲ್ದರ್ಜೆಗೆ ಏರಿಸಿದ್ದಾರೆ. ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ಅಂಗನವಾಡಿಗಳು ಖಾಲಿಯಾಗುತ್ತವೆ ಎಂದು ಅಂಗನವಾಡಿ ನೌಕರರು ಪ್ರತಿಭಟಿಸಿದ ಮೇಲೆ ಬಂದ ಕ್ರಮ ಇದು. ನಿಮ್ಮ ಕೇಂದ್ರ ಆ ಪಟ್ಟಿಯಲ್ಲಿದ್ದರೆ ಬೋರ್ಡು ನೋಡಿ ನಿಲ್ಲಬೇಡಿ. ಟೀಚರಿಗೆ ಬೇರೆ ತರಬೇತಿ ಆಗಿದೆಯೇ, ಹೊಸ ಆಟಿಕೆ ಸಾಮಾನು ಬಂದಿದೆಯೇ, ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆಯೇ ಅಥವಾ ಮಕ್ಕಳ ಕೈಯಲ್ಲಿದೆಯೇ ನೋಡಿ.

ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ

2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿ ತನಕ ಓದಬಹುದು. ಬಳಿಕ ಬೇರೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಪೂರ್ವ ಪ್ರಾಥಮಿಕ ತರಗತಿ ತೆರೆದರು. ಕಲ್ಯಾಣ ಕರ್ನಾಟಕದಲ್ಲಿ 2024-25ರಿಂದ ಇವುಗಳ ಸಂಖ್ಯೆ ಒಮ್ಮೆಲೇ ಏರಿತು. ಕೆಲವು ಊರುಗಳಲ್ಲಿ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರೇ ದಾನಿಗಳಿಂದ ಹಣ ಹೊಂದಿಸಿ ನಡೆಸುವುದೂ ಇದೆ. ಅಂಥಲ್ಲಿ ಟೀಚರ್ ಗೌರವಧನಕ್ಕೆಂದು ಪೋಷಕರಿಂದ ಒಂದಿಷ್ಟು ದೇಣಿಗೆ ಕೇಳಬಹುದು, ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಇದರ ಬಲ ಮುಂದುವರಿಕೆ. ಅದೇ ಗೇಟು, ಅದೇ ಮೈದಾನ, ಅದೇ ಗೆಳೆಯರು, ಒಂದನೇ ಕ್ಲಾಸಿಗೆ ಹೋದಾಗ ಮಗು ಅಳುವುದಿಲ್ಲ. ಪಬ್ಲಿಕ್ ಶಾಲೆಯಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುವುದರಿಂದ ಆಂಗ್ಲ ಮಾಧ್ಯಮ ಬೇಕು, ದುಡ್ಡು ಇಲ್ಲ ಅನ್ನುವವರಿಗೆ ದೊಡ್ಡ ಆಸರೆ. ಒಂದೇ ವಯಸ್ಸಿನ ಮಕ್ಕಳು ಒಟ್ಟಿಗಿರುತ್ತಾರೆ. ಟೀಚರಿಗೆ ಮನೆ ಭೇಟಿ, ಪೌಷ್ಟಿಕ ಆಹಾರದ ಲೆಕ್ಕ ಇತ್ಯಾದಿ ಇರುವುದಿಲ್ಲ.

ತೊಂದರೆ ಬರುವುದು ಟೀಚರ್ ವಿಷಯದಲ್ಲೇ. ಇಲ್ಲಿ ಕಲಿಸುವವರು ಹೆಚ್ಚಾಗಿ ಅತಿಥಿ ಶಿಕ್ಷಕಿಯರು, ಗೌರವಧನದ ಮೇಲೆ ಇರುವವರು. ಗೌರವಧನ ತಡವಾಯಿತು, ಬೇರೆ ಕೆಲಸ ಸಿಕ್ಕಿತು ಅಂದರೆ ನವೆಂಬರಿನಲ್ಲೇ ಬಿಟ್ಟು ಹೋಗಬಹುದು. ನಾಲ್ಕು ವರ್ಷದ ಮಗುವಿಗೆ ಮಿಸ್ ಬದಲಾಗುವುದು ಅಂದರೆ ಶಾಲೆಯೇ ಬದಲಾದಷ್ಟು. ಶಿಕ್ಷಕರ ಕೊರತೆ ಇರುವ ಶಾಲೆಯಲ್ಲಿ ಎಲ್‌ಕೆಜಿ ಟೀಚರನ್ನೇ ಮೂರನೇ ಕ್ಲಾಸಿಗೂ ಕಳಿಸುತ್ತಾರೆ. ಮುಖ್ಯ ಶಿಕ್ಷಕರನ್ನು ನೇರವಾಗಿ ಮೂರು ಪ್ರಶ್ನೆ ಕೇಳಿ: ಈ ಮಿಸ್ ಕಳೆದ ವರ್ಷವೂ ಇದ್ದರಾ? ಎಲ್‌ಕೆಜಿ, ಯುಕೆಜಿ ಬೇರೆ ಬೇರೆ ಕೋಣೆಯಲ್ಲಾ ಅಥವಾ ಒಟ್ಟಿಗಾ? ಆಯಾ ಇದ್ದಾರಾ? ಮೂರನೆಯ ಪ್ರಶ್ನೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಆಯಾ ಇಲ್ಲದ ಕಡೆ ಒಂದು ಮಗು ಶೌಚಾಲಯಕ್ಕೆ ಹೋಗಬೇಕೆಂದರೆ ಮಿಸ್ ಉಳಿದ ಮಕ್ಕಳನ್ನು ಬಿಟ್ಟು ಹೋಗಬೇಕು. ಹಾಗಾಗಿ ಮಕ್ಕಳು ಕಟ್ಟಿಕೊಂಡೇ ಕೂರುತ್ತಾರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ.

ಬಿಸಿಯೂಟ, ಹಾಲು ಎಲ್‌ಕೆಜಿಯವರಿಗೂ ಉಂಟಾ ಎಂದು ಆ ಶಾಲೆಯಲ್ಲೇ ಕೇಳಿ, ಎಲ್ಲ ಕಡೆ ಒಂದೇ ರೀತಿ ಎಂದು ಎಣಿಸಬೇಡಿ. ಅಡುಗೆ ದೊಡ್ಡ ಮಕ್ಕಳ ಖಾರಕ್ಕೆ ಆಗಿರುತ್ತದೆ ಎಂಬುದನ್ನೂ ನೆನಪಿಡಿ. ಒಂದು ವಿಭಾಗಕ್ಕೆ ಸಾಮಾನ್ಯವಾಗಿ 30ರ ಆಸುಪಾಸು ಸೀಟು. ಹೆಸರಿರುವ ಪಬ್ಲಿಕ್ ಶಾಲೆಗಳಲ್ಲಿ ಬೇಡಿಕೆ ಅದನ್ನು ಮೀರುತ್ತದೆ. ಮೇ ಕೊನೆಗೆ ಶಾಲೆ ತೆರೆದ ಮೇಲೆ ವಿಚಾರಿಸಲು ಹೋದರೆ ತಡವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲೇ ಹೋಗಿ ಅರ್ಜಿ ಯಾವಾಗ ಕೊಡುತ್ತಾರೆ ಎಂದು ತಿಳಿದುಕೊಳ್ಳಿ.

ಬಾಲವಾಟಿಕೆ

ಕೇಂದ್ರೀಯ ವಿದ್ಯಾಲಯಗಳು 2022-23ರಿಂದ ಬಾಲವಾಟಿಕೆ ಆರಂಭಿಸಿವೆ. ಮೂರು ತುಂಬಿದವರಿಗೆ 1, ನಾಲ್ಕಕ್ಕೆ 2, ಐದಕ್ಕೆ 3. ಎಲ್ಲ ವಿದ್ಯಾಲಯಗಳಲ್ಲೂ ಇಲ್ಲ, ಇರುವ ಕಡೆ ಮೂರೂ ಹಂತ ಇರಬೇಕೆಂದೂ ಇಲ್ಲ. ಅರ್ಜಿ ಆನ್‌ಲೈನ್, ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ ಕೆಲವೇ ದಿನ ತೆರೆದಿರುತ್ತದೆ. ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ. ಆಮೇಲೆ ಕೇಂದ್ರದ ಸ್ವಾಯತ್ತ ಸಂಸ್ಥೆಗಳವರು, ರಾಜ್ಯ ನೌಕರರು, ಕೊನೆಗೆ ಉಳಿದವರು. ಖಾಸಗಿ ಕೆಲಸದಲ್ಲಿರುವವರಿಗೆ, ಕೃಷಿಕರಿಗೆ ನಿಜವಾದ ಅವಕಾಶ ಇರುವುದು ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ), ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲು ಸೀಟುಗಳಲ್ಲಿ. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಕೈಯಲ್ಲಿ ಇರಬೇಕು.

ಶುಲ್ಕ ತೀರಾ ಕಡಿಮೆ. ವಿದ್ಯಾಲಯ ವಿಕಾಸ ನಿಧಿ ಎಂದು ತಿಂಗಳಿಗೆ 500 ರೂಪಾಯಿ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಕಟ್ಟಿಸಿಕೊಳ್ಳುತ್ತಾರೆ. ಆದರೆ ತರಗತಿ ದಿನಕ್ಕೆ ಸುಮಾರು ಮೂರೇ ಗಂಟೆ, ವ್ಯಾನ್ ನಿಮ್ಮದೇ ಖರ್ಚು, ಮಾತು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗು ಮೊದಲ ತಿಂಗಳುಗಳಲ್ಲಿ ಬಾಯಿ ಬಿಡದೆ ಇರಬಹುದು. ವರ್ಗಾವಣೆಯ ನೌಕರಿ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಒಂದೇ ಊರಲ್ಲಿ ನೆಲೆಸಿರುವ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಈ ಮೂರು ಗಂಟೆಯ ಶಾಲೆ ಹೊಂದುವುದು ಕಷ್ಟ.

ಖಾಸಗಿ ನರ್ಸರಿ, ಮತ್ತು ಆರ್‌ಟಿಇ ಸೀಟಿನ ಆಸೆ

ಆರ್‌ಟಿಇಯಲ್ಲಿ ಖಾಸಗಿ ಶಾಲೆಯ ಎಲ್‌ಕೆಜಿ ಸಿಗುತ್ತದೆ ಎಂದು ಈಗಲೂ ಕಾಯುವವರಿದ್ದಾರೆ. ರಾಜ್ಯ ಸರ್ಕಾರ ನಿಯಮ ತಿದ್ದಿದ ಮೇಲೆ, 2019ರಿಂದ, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಸೀಟು ಕೊಡುವ ಹೊಣೆ ಇಲ್ಲ. ಹಾಗಾಗಿ ಬಹುತೇಕ ಕಡೆ ಆ ಬಾಗಿಲು ಮುಚ್ಚಿದೆ. ಅದನ್ನು ನಂಬಿ ಒಂದು ವರ್ಷ ಕಳೆಯಬೇಡಿ.

ದುಡ್ಡು ಕೊಟ್ಟು ಸೇರಿಸುವುದಾದರೆ ಸಂಜೆವರೆಗೆ ನೋಡಿಕೊಳ್ಳುವ ಅನುಕೂಲ ಸಿಗಬಹುದು, ಉದ್ಯೋಗದಲ್ಲಿರುವ ತಾಯಂದಿರಿಗೆ ಅದು ದೊಡ್ಡದು. ಶಾಲೆಗೆ ಶಿಕ್ಷಣ ಇಲಾಖೆಯ ಅನುಮತಿ ಇದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಶುಲ್ಕದ ಜೊತೆ ವಾಹನ, ಸಮವಸ್ತ್ರ, ಪುಸ್ತಕದ ಕಟ್ಟು, ವಾರ್ಷಿಕೋತ್ಸವದ ವಸೂಲಿ ಎಲ್ಲ ಸೇರಿಸಿ ವರ್ಷದ ಮೊತ್ತ ಬರೆಯಿರಿ. ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ಮೂರು ವರ್ಷ, ಹಾಗಾಗಿ ಅದನ್ನು ಮೂರರಿಂದ ಗುಣಿಸಿ ನೋಡಿ.

ಯಾರಿಗೆ ಯಾವುದು

ಮೂರರಿಂದ ನಾಲ್ಕರ ಮಗುವಿಗೆ, ಮನೆಯಲ್ಲಿ ಅಜ್ಜಿ ತಾತ ಯಾರಾದರೂ ಇದ್ದರೆ, ಹತ್ತಿರದ ಅಂಗನವಾಡಿಯೇ ಸರಿ. ಇದರಲ್ಲಿ ಎರಡು ಮಾತಿಲ್ಲ. ನಾಲ್ಕು ತುಂಬಿದ ಮೇಲೆ, ನಡೆಯುವ ದೂರದಲ್ಲಿ ಸರ್ಕಾರಿ ಎಲ್‌ಕೆಜಿ ಇದ್ದು ಮಿಸ್ ನೆಲೆ ನಿಂತವರಾಗಿದ್ದರೆ ಅಲ್ಲಿಗೆ ಹೋಗುವುದು ಒಳ್ಳೆಯದು. ಆಯಾ ಇಲ್ಲ, ಮಿಸ್ ಹೊಸಬರು, ಆಟೋದಲ್ಲಿ ಹೋಗಬೇಕು ಅನ್ನುವಂತಿದ್ದರೆ ಐದರವರೆಗೂ ಅಂಗನವಾಡಿಯಲ್ಲೇ ಇರಿಸಿ ಯುಕೆಜಿಗೆ ಬದಲಿಸಿ. ಎಲ್‌ಕೆಜಿ ತಪ್ಪಿತು ಅಂತ ಯಾವ ಮಗುವೂ ಹಿಂದೆ ಬೀಳುವುದಿಲ್ಲ.

ಗಾರ್ಮೆಂಟ್ಸ್ ಪಾಳಿಗೆ ಬೆಳಿಗ್ಗೆ ಎಂಟೂವರೆಗೆ ಹೊರಟು ಸಂಜೆ ಆರಕ್ಕೆ ಬರುವವರಿಗೆ ಯಾವ ಸರ್ಕಾರಿ ಕೇಂದ್ರವೂ ಪೂರ್ತಿ ಹೊತ್ತು ಸಾಲುವುದಿಲ್ಲ. ಕ್ರೆಶ್ (ಶಿಶುಪಾಲನಾ ಕೇಂದ್ರ) ಜೋಡಿಸಿದ ಅಂಗನವಾಡಿ ಹತ್ತಿರ ಇದೆಯಾ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ. ಹಳ್ಳಿಗಳಲ್ಲಿ ಮೂರು ವರ್ಷದೊಳಗಿನವರಿಗೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಇದೆ, ದೊಡ್ಡವನು ಅಂಗನವಾಡಿಗೆ, ಚಿಕ್ಕದು ಕೂಸಿನ ಮನೆಗೆ ಎಂದು ಹೊಂದಿಸಬಹುದು. ಕಾಫಿ ತೋಟ, ಕಬ್ಬಿನ ಕಟಾವು, ಕಟ್ಟಡದ ಕೆಲಸ ಅಂತ ಊರು ಬದಲಿಸುವವರು ಹೋದ ಕಡೆಯ ಅಂಗನವಾಡಿಯಲ್ಲಿ ಕೇಳಿ. ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ದಾಖಲೆಯನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

ಕಾಗದ ಪತ್ರ

ಎಡವುವುದು ಜನನ ಪ್ರಮಾಣಪತ್ರದಲ್ಲಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನಾಂಕ ತೋರಿಸಲು ಅದೊಂದೇ ದಾಖಲೆ. ಆಸ್ಪತ್ರೆಯಲ್ಲಿ ನೋಂದಾಯಿಸುವಾಗ ಹೆಸರು ಇಟ್ಟಿರುವುದಿಲ್ಲ, ಆ ಜಾಗ ಖಾಲಿ ಉಳಿದಿರುತ್ತದೆ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಸಣ್ಣ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಸೇರಿಸುವಾಗ ಇನಿಷಿಯಲ್, ಅಪ್ಪ ಅಮ್ಮನ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಒಂದು ಕಡೆ ‘ಮಂಜುನಾಥ’, ಇನ್ನೊಂದು ಕಡೆ ‘ಮಂಜುನಾಥ್’ ಎಂದಿದ್ದರೂ ಮುಂದೆ ಅಡ್ಡಬರುತ್ತದೆ. ಶಾಲೆಯ ದಾಖಲೆಗೆ ಏರಿದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ.

ಉಳಿದಂತೆ ಮಗುವಿನ ಆಧಾರ್, ತಾಯಿ ಕಾರ್ಡ್‌ನಲ್ಲಿರುವ ಲಸಿಕೆ ದಾಖಲೆ, ತಂದೆ ತಾಯಿಯ ಆಧಾರ್, ರೇಷನ್ ಕಾರ್ಡ್, ನಾಲ್ಕು ಫೋಟೋ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ, ಏಪ್ರಿಲ್‌ನಲ್ಲಿ ಅಲ್ಲಿ ಸಾಲು ಉದ್ದ. ಅಂಗನವಾಡಿಗೆ ಇಷ್ಟೆಲ್ಲ ಬೇಕಿಲ್ಲ. ಕಾಗದ ಅರ್ಧ ಇದ್ದರೂ ಮಗುವನ್ನು ಕರೆದುಕೊಂಡು ಹೋಗಿ, ಉಳಿದದ್ದನ್ನು ಆಮೇಲೆ ಕೊಡಬಹುದು.

ನೋಡಲು ಹೋಗುವಾಗ

ಹೇಳದೆ ಹೋಗಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆ ವೇಳೆಗೆ ಮಕ್ಕಳು ಏನು ಮಾಡುತ್ತಿದ್ದಾರೆ ಎಂಬುದೇ ಅರ್ಧ ಉತ್ತರ. ಗೋಡೆಯ ಚಿತ್ರಗಳು ಮಗುವಿನ ಕಣ್ಣಿನ ಎತ್ತರಕ್ಕೆ ಇವೆಯೇ, ಸೂರಿನ ಹತ್ತಿರ ಇವೆಯೇ? ಒಲೆ ಇರುವ ಜಾಗಕ್ಕೂ ಮಕ್ಕಳು ಕೂರುವ ಜಾಗಕ್ಕೂ ನಡುವೆ ಬಾಗಿಲಿದೆಯೇ? ಸಂಪಿನ ಮುಚ್ಚಳ ಗಟ್ಟಿಯಾಗಿದೆಯೇ? ಗೇಟಿಗೆ ಚಿಲಕ ಇದೆಯೇ, ಹೊರಗೆ ರಸ್ತೆಯೇ? ಶೌಚಾಲಯಕ್ಕೆ ನೀವೇ ಹೋಗಿ ನೋಡಿ, ಬೀಗದ ಕೈ ಹುಡುಕಬೇಕಾಗಿ ಬಂದರೆ ಮಕ್ಕಳು ಅದನ್ನು ಬಳಸುತ್ತಿಲ್ಲ. ಒಂದು ಮಗು ಅತ್ತರೆ ಟೀಚರ್ ಏನು ಮಾಡುತ್ತಾರೆ ಎಂದು ಕಾದು ನೋಡಿ. ಮಗುವಿನ ಹೆಸರು ಹಿಡಿದು ಕರೆದು ಹತ್ತಿರ ಕೂರಿಸಿಕೊಳ್ಳುವ ಟೀಚರ್ ಇದ್ದರೆ ಕಟ್ಟಡ ಹಳೆಯದಾದರೂ ಸೇರಿಸಬಹುದು.

ಸೇರಿಸಿದ ಮೇಲೆ ಎರಡು ಮೂರು ವಾರ ಅಳು ಸಹಜ, ಅದನ್ನು ನೋಡಿ ಬಿಡಿಸಬೇಡಿ. ಮೊದಲ ವಾರ ಒಂದೂವರೆ, ಎರಡು ಗಂಟೆ ಸಾಕು, ಆಮೇಲೆ ಊಟದವರೆಗೆ, ಆಮೇಲೆ ಪೂರ್ತಿ. ತಿಂಗಳು ಕಳೆದರೂ ಮಗು ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದರೆ, ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ ಟೀಚರ್ ಹತ್ತಿರ ಕೂತು ಮಾತಾಡಿ. ಅಲ್ಲಿ ಬಗೆಹರಿಯದಿದ್ದರೆ ಅಂಗನವಾಡಿಗೆ ವಲಯದ ಮೇಲ್ವಿಚಾರಕಿ ಮತ್ತು ಸಿಡಿಪಿಒ, ಶಾಲೆಗೆ ಎಸ್‌ಡಿಎಂಸಿ ಮತ್ತು ಬಿಇಒ. ಮಧ್ಯದಲ್ಲಿ ಬದಲಿಸಲೇಬೇಕಾದರೆ ದಸರಾ ರಜೆಯ ಹೊತ್ತು ಅನುಕೂಲ. ಅಂಗನವಾಡಿಯಂತೂ ಯಾವತ್ತು ಹೋದರೂ ಸೇರಿಸಿಕೊಳ್ಳುತ್ತದೆ.